ಮೂಕಚಿತ್ರಗಳ ಪ್ರೇಕ್ಷಕರು: ೧೯೨೭–೨೮ರ ಸಾಕ್ಷ್ಯದ ಒಂದು ಪರಿಶೀಲನೆ

ಕಾವ್ಯದ ಚರಿತ್ರೆಯನ್ನು ಬರೆಯುವವರು ಕವಿಯ ಕಾಲ, ದೇಶ, ಮತ, ಆಶ್ರಯದಾತ ಇವುಗಳನ್ನು ಶೋಧಿಸುವುದು ವಾಡಿಕೆ. ಆ ಕಾವ್ಯವನ್ನು ಕೇಳಿದವರು ಯಾರು, ಕೇಳಿ ಅವರೇನೆಂದರು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಉತ್ತರ ಹೇಳಲು ತಕ್ಕ ಸಾಮಗ್ರಿಯಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಕೃತಿಯು ಓಲೆಯಲ್ಲಿ ಉಳಿಯಿತು. ಶ್ರೋತೃಗಳ ಮಾತು ಗಾಳಿಗೆ ಹೋಯಿತು.

ಚಲಚ್ಚಿತ್ರದ ವಿಷಯದಲ್ಲಿ ಸ್ಥಿತಿಯು ವಿಚಿತ್ರವಾಗಿ ತಿರುಗುಮುರುಗಾಗಿದೆ. ಭಾರತದಲ್ಲಿ ಮೂಕಚಿತ್ರಗಳ ಕಾಲದಲ್ಲಿ ಸುಮಾರು ೧,೩೦೦ ಚಿತ್ರಗಳು ತಯಾರಾದುವೆಂದು ಲೆಕ್ಕ. ಅವುಗಳಲ್ಲಿ ಇಂದಿಗೆ ಉಳಿದುಬಂದಿರುವುದು ಅತ್ಯಲ್ಪ ಭಾಗ. ೧೯೩೧ನೆಯ ಮಾರ್ಚಿ ೧೪ರಂದು ಮುಂಬಯಿಯಲ್ಲಿ ತೆರೆಕಂಡ ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ನಷ್ಟವಾಗಿದೆ. ೧೯೩೪ನೆಯ ಮಾರ್ಚಿ ೩ರಂದು ಬೆಂಗಳೂರಿನಲ್ಲಿ ಪ್ರದರ್ಶಿತವಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಅದೇ ಗತಿಯಾಗಿದೆ. ಇಲ್ಲಿ ಕೃತಿಯೇ ಅಳಿದು, ಅದನ್ನು ನೋಡಿದವರ ಅಭಿಪ್ರಾಯಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಆದಕಾರಣ ಪ್ರೇಕ್ಷಕರ ಮಾತು ಚರಿತ್ರಕಾರನಿಗೆ ಕೇವಲ ಕುತೂಹಲದ ವಸ್ತುವಲ್ಲ, ಮೂಲಾಧಾರವೇ ಆಗಿದೆ. ಈ ಆಧಾರಗಳಲ್ಲಿ ಅತ್ಯಂತ ವಿಸ್ತಾರವಾದುದು ೧೯೨೭–೨೮ರ ಭಾರತೀಯ ಚಲಚ್ಚಿತ್ರ ವಿಚಾರಣಾ ಸಮಿತಿಯ ಸಾಕ್ಷ್ಯಸಂಪುಟಗಳು. ಅವುಗಳಿಂದ ನಾವು ತಿಳಿಯಬಹುದಾದುದೆಷ್ಟು, ತಿಳಿಯಲಾಗದುದೆಷ್ಟು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

(೧)

ನೋಡುವವನ ಅಭಿಪ್ರಾಯಕ್ಕೆ ಶಾಸ್ತ್ರದಲ್ಲಿ ಸ್ಥಾನವನ್ನು ಕೊಟ್ಟವರಲ್ಲಿ ಭರತನು ಮೊದಲಿಗನು. ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಅವನು ಪ್ರಯೋಗದ ಗೆಲವನ್ನು ಮಾನುಷೀ, ದೈವೀ ಎಂದು ಎರಡಾಗಿ ವಿಂಗಡಿಸಿರುವನು. ಮುಗುಳ್ನಗೆ, ಅಟ್ಟಹಾಸ, ಮೆಚ್ಚಿಕೆಯ ಉದ್ಗಾರ, ಮರುಕದ ಮಾತು, ರೋಮಾಂಚ, ಪೀಠದಿಂದ ಏಳುವುದು, ವಸ್ತ್ರವನ್ನೂ ಉಂಗುರವನ್ನೂ ನಟರತ್ತ ಎಸೆಯುವುದು ಇವೆಲ್ಲ ಮೊದಲನೆಯದರ ಲಕ್ಷಣಗಳು. ಸಭೆಯು ಕಿಕ್ಕಿರಿದಿದ್ದರೂ ಸದ್ದಿಲ್ಲದೆ ಮಗ್ನವಾಗಿರುವುದು ಎರಡನೆಯದರ ಲಕ್ಷಣ. ಮುಂದುವರಿದು ಅವನು ಪ್ರೇಕ್ಷಕರ ಅಭಿರುಚಿಭೇದಗಳನ್ನೂ ಹೇಳುತ್ತಾನೆ: ತರುಣರಿಗೆ ಶೃಂಗಾರ, ಶೂರರಿಗೆ ವೀರರೌದ್ರಗಳು, ವೃದ್ಧರಿಗೆ ಪುರಾಣಕಥೆ, ಬಾಲಕರಿಗೂ ಸಾಮಾನ್ಯರಿಗೂ ಹಾಸ್ಯ ಮತ್ತು ವೇಷವೈಚಿತ್ರ್ಯ. ಉತ್ತಮ ಪ್ರೇಕ್ಷಕನ ಗುಣಗಳನ್ನು ಎಣಿಸಿದ ಮೇಲೆ, ಅವೆಲ್ಲವೂ ಒಬ್ಬನಲ್ಲಿಯೇ ಇರುವುದು ಸಾಧ್ಯವಲ್ಲವೆಂದು ಒಪ್ಪಿಕೊಳ್ಳುವ ಔದಾರ್ಯವೂ ಅವನಿಗುಂಟು. ನಮ್ಮ ಕವಿರಾಜಮಾರ್ಗಕಾರನು ಕನ್ನಡನಾಡಿನ ಜನರನ್ನು ಕುರಿತು, ವಿಧಿಪೂರ್ವಕವಾದ ಓದಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿದುದೂ ಇದೇ ಭಾವದಿಂದ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡು ಪ್ರಕೃತ ವಿಷಯಕ್ಕೆ ಬರೋಣ.

(೨)

ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ೧೮೯೬ನೆಯ ಜುಲೈ ೭ರಂದು ಮೊದಲು ಪ್ರದರ್ಶಿತವಾದುವು. ಪ್ರವೇಶಧನ ಒಂದು ರೂಪಾಯಿ. ಕೆಲವೇ ದಿನಗಳಲ್ಲಿ ಪ್ರದರ್ಶನವು ನಾವೆಲ್ಟಿ ನಾಟಕಶಾಲೆಗೆ ಸಾಗಿದಾಗ ದರವು ನಾಲ್ಕಾಣೆಯಿಂದ ಎರಡು ರೂಪಾಯಿಯವರೆಗೆ ಮೆಟ್ಟಿಲು ಮೆಟ್ಟಿಲಾಯಿತು. ಗೋಷಾ ಸ್ತ್ರೀಯರಿಗೆ ಪ್ರತ್ಯೇಕ ಏರ್ಪಾಡೂ ಆಯಿತು. ಈ ನಾಲ್ಕಾಣೆಯ ಪ್ರೇಕ್ಷಕನೇ ನಮ್ಮ ಚರಿತ್ರೆಯ ನಾಯಕನೆಂದರೆ ಅತಿಶಯೋಕ್ತಿಯಾಗದು. ಇವನ ಅಭಿಪ್ರಾಯವನ್ನು ಯಾರೂ ಬರೆದಿಡಲಿಲ್ಲವಾದರೂ, ಚಿತ್ರ ತಯಾರಿಸಿದವರು ಅದನ್ನು ಅರಿಯದೆ ಬದುಕುವಂತಿರಲಿಲ್ಲ.

ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ವು ೧೯೧೩ನೆಯ ಮೇ ೩ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಅದು ಸೂರತ್ತಿಗೆ ಹೋದಾಗ ನಡೆದ ಸಂಗತಿಯೊಂದು ಪ್ರಸಿದ್ಧವಾಗಿದೆ. ಅಲ್ಲಿನ ಜನರು ಎರಡಾಣೆಗೆ ಆರು ಗಂಟೆಗಳ ನಾಟಕವನ್ನು ನೋಡಿ ಅಭ್ಯಾಸವಾದವರು. ಮೂರಾಣೆ ಕೊಟ್ಟು ಒಂದೂವರೆ ಗಂಟೆಯ ಆಟ ನೋಡುವುದು ಅವರಿಗೆ ನಷ್ಟದ ವ್ಯಾಪಾರವೆನಿಸಿತು. ಆಗ ಫಾಳಕೆಯವರು ದರವನ್ನಿಳಿಸದೆ, ೫೭,೦೦೦ ಛಾಯಾಚಿತ್ರಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲವೂ ಮೂರಾಣೆಗೆ ಎಂದು ಜಾಹೀರಾತು ಕೊಟ್ಟರಂತೆ. ಜನರು ತಂಡತಂಡವಾಗಿ ಬಂದರಂತೆ. ಹೊಸ ಕಲೆಯನ್ನು ಅಳೆಯಲು ಹಳೆಯ ಕೊಳಗವನ್ನೇ ತಂದ ಪ್ರೇಕ್ಷಕನನ್ನು ನೋಡಿ ನಗುವುದು ಸುಲಭ. ಆದರೆ ತನ್ನ ಮೂರಾಣೆಗೆ ತಕ್ಕುದು ಸಿಗಬೇಕೆಂಬ ಆಗ್ರಹವೇ ವಿಮರ್ಶೆಯ ಬೀಜವೆಂಬುದನ್ನು ನಾವು ಮರೆಯಲಾಗದು. ಮುಂದೆ ‘ಲಂಕಾದಹನ’ (೧೯೧೭), ‘ಶ್ರೀಕೃಷ್ಣಜನ್ಮ’ (೧೯೧೮) ಚಿತ್ರಗಳು ಬಂದಾಗ, ತೆರೆಯ ಮೇಲೆ ರಾಮನೂ ಕೃಷ್ಣನೂ ಕಾಣಿಸಿಕೊಂಡೊಡನೆ ಜನರು ಸಾಷ್ಟಾಂಗವೆರಗುತ್ತಿದ್ದರೆಂದು ಹಲವರು ಹೇಳಿರುವರು. ಭರತನ ಸಿದ್ಧಿಲಕ್ಷಣಗಳ ಪಟ್ಟಿಗೆ ಇದೊಂದು ಹೊಸ ಸೇರ್ಪಡೆ.

(೩)

ಜನರು ಹೀಗೆ ಮಣಿಯುವ ವಸ್ತುವಿನ ಬಗೆಗೆ ರಾಜ್ಯವು ಉದಾಸೀನವಾಗಿರಲಿಲ್ಲ. ೧೯೧೮ರಲ್ಲಿ ಚಲಚ್ಚಿತ್ರ ಶಾಸನವು ಅಂಗೀಕೃತವಾಯಿತು. ೧೯೨೦ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಪರಿಶೀಲನ ಮಂಡಲಿಗಳು ಏರ್ಪಟ್ಟುವು. ೧೯೨೧ರ ‘ಭಕ್ತ ವಿದುರ’ ಚಿತ್ರದಲ್ಲಿ ವಿದುರನು ವೇಷದಲ್ಲಿ ಗಾಂಧಿಯವರನ್ನು ಹೋಲುತ್ತಿದ್ದನಾಗಿ ಅದು ಕೆಲವೆಡೆ ನಿಷೇಧಕ್ಕೆ ಒಳಗಾಯಿತು. ಪುರಾಣದಲ್ಲಿ ವರ್ತಮಾನವನ್ನು ಓದಿಕೊಳ್ಳಬಲ್ಲ ಪ್ರೇಕ್ಷಕನಿದ್ದಾನೆಂದು ಅಧಿಕಾರಿಗಳೇ ಒಪ್ಪಿದಂತಾಯಿತು. ಇದಲ್ಲದೆ ಅಮೆರಿಕದ ಚಿತ್ರಗಳು ಈ ದೇಶದ ಚಿತ್ರಮಂದಿರಗಳಲ್ಲಿ ಬಹುಪಾಲನ್ನು ಆಕ್ರಮಿಸಿದುವು. ಅವು ಪಾಶ್ಚಾತ್ಯ ಜೀವನವನ್ನು ಹೀನವಾಗಿ ತೋರಿಸಿ ಆಳುವವರ ಗೌರವಕ್ಕೆ ಕುಂದು ತರುತ್ತವೆಂಬ ಭೀತಿ ಒಂದು ಕಡೆ; ಬ್ರಿಟಿಷ್ ಚಿತ್ರಗಳಿಗೆ ಮಾರುಕಟ್ಟೆ ಒದಗಿಸಬೇಕೆಂಬ ಆಸೆ ಇನ್ನೊಂದು ಕಡೆ.

ಈ ಹಿನ್ನೆಲೆಯಲ್ಲಿ ೧೯೨೭ನೆಯ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಿತು. ಮದರಾಸಿನ ಪ್ರಸಿದ್ಧ ನ್ಯಾಯವಾದಿ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯರ್ ಅಧ್ಯಕ್ಷರು. ಸರ್ ಇಬ್ರಾಹೀಂ ಹಾರೂನ್ ಜಾಫರ್, ಕೆ. ಸಿ. ನಿಯೋಗಿ, ಕರ್ನಲ್ ಕ್ರಾಫರ್ಡ್, ಗ್ರೀನ್, ಕೋಟ್‌ಮನ್ ಇವರು ಸದಸ್ಯರು. ಸಮಿತಿಯು ೪,೩೨೫ ಪ್ರಶ್ನಾವಳಿಗಳನ್ನು ಹಂಚಿತು. ಲಿಖಿತವಾಗಿ ಬಂದ ಉತ್ತರಗಳು ೩೨೦. ಖುದ್ದಾಗಿ ವಿಚಾರಿಸಿದ ಸಾಕ್ಷಿಗಳು ೩೫೩. ಫಾಳಕೆಯವರೂ, ಲಾಹೋರಿನಲ್ಲಿ ಲಾಲಾ ಲಜಪತರಾಯರೂ, ನಟಿ ಸುಲೋಚನಾ ಮೊದಲಾದ ಕಲಾವಿದರೂ ಸಾಕ್ಷ್ಯ ನುಡಿದರು. ಗಾಂಧಿಯವರು ತಾವು ಎಂದೂ ಸಿನಿಮಾ ನೋಡಿದವರಲ್ಲವೆಂದು ತಿಳಿಸಿ, ಅದರಿಂದಾಗುವ ಕೇಡು ಮಾತ್ರ ಹೊರಗಿನವರಿಗೂ ಕಾಣುವಂತಿದೆಯೆಂದು ಬರೆದು, ಪ್ರಶ್ನಾವಳಿಯನ್ನು ಬದಿಗಿಟ್ಟರು. ೧೯೨೮ರಲ್ಲಿ ವರದಿಯೂ, ನಾಲ್ಕು ಸಂಪುಟಗಳ ಸಾಕ್ಷ್ಯವೂ ಪ್ರಕಟವಾದುವು.

ವರದಿಯ ಫಲಿತಾಂಶವು ನೇಮಿಸಿದವರ ನಿರೀಕ್ಷೆಗೆ ವಿರುದ್ಧವಾಯಿತು. ಪಾಶ್ಚಾತ್ಯ ಚಿತ್ರಗಳಿಂದ ಜನರ ನಡತೆ ಕೆಡುತ್ತಿದೆಯೆಂಬ ಕೂಗು ಅತಿಶಯವಾದುದೆಂದು ಸಮಿತಿಯು ಕಂಡುಕೊಂಡಿತು. ಸಾಮ್ರಾಜ್ಯದ ಚಿತ್ರಗಳಿಗೆ ವಿಶೇಷ ರಿಯಾಯಿತಿ ಅನಗತ್ಯವೆಂದಿತು. ಭಾರತೀಯ ಚಿತ್ರೋದ್ಯಮಕ್ಕೆ ಸಾಲ, ಕಚ್ಚಾ ಫಿಲ್ಮಿನ ಸುಂಕದಿಂದ ವಿನಾಯಿತಿ ಮುಂತಾದ ಸಹಾಯಗಳನ್ನು ಸೂಚಿಸಿತು. ಐರೋಪ್ಯ ಸದಸ್ಯರು ಮೂವರೂ ಕೆಲವು ಸೂಚನೆಗಳಿಗೆ ಭಿನ್ನಾಭಿಪ್ರಾಯವನ್ನು ಬರೆದರು. ಸರ್ಕಾರವು ವರದಿಯನ್ನು ಕಪಾಟಿನಲ್ಲಿಟ್ಟು ಸುಮ್ಮನಾಯಿತು.

(೪)

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಸಂಪುಟಗಳಲ್ಲಿ ಕೇಳಿಬರುವುದು ಪ್ರೇಕ್ಷಕನ ಧ್ವನಿಯೇ? ಲೆಕ್ಕವನ್ನು ನೋಡಿದರೆ ಹಂಚಿದ ಪ್ರಶ್ನಾವಳಿಗಳ ಸಂಖ್ಯೆಗೆ ಲಿಖಿತ ಉತ್ತರಗಳು ನೂರಕ್ಕೆ ಎಂಟರಷ್ಟೂ ಆಗಲಿಲ್ಲ. ಪ್ರಶ್ನಾವಳಿಯು ಇಂಗ್ಲಿಷಿನಲ್ಲಿ ವ್ಯವಹರಿಸಬಲ್ಲವರನ್ನು ಉದ್ದೇಶಿಸಿದ್ದು. ಸಾಕ್ಷಿಗಳು ಬಹುಮಟ್ಟಿಗೆ ಅಧಿಕಾರಿಗಳು, ಉಪಾಧ್ಯಾಯರು, ಪತ್ರಿಕೋದ್ಯಮಿಗಳು, ಜನನಾಯಕರು, ವ್ಯಾಪಾರಿಗಳು. ನಾಲ್ಕಾಣೆಯ ಬೆಂಚಿನ ಮೇಲೆ ಕುಳಿತವನನ್ನು ಕುರಿತು ಎಲ್ಲರೂ ಮಾತನಾಡಿದರು. ಅವನು ತಾನೇ ಮಾತನಾಡಿದುದು ಅಪೂರ್ವ. ಕನ್ನಡಿಗನ ಪಾಡು ಇನ್ನೂ ಕಷ್ಟ. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿಯೂ, ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿಯೂ ಇದ್ದುವು. ಮೈಸೂರೂ ಹೈದರಾಬಾದೂ ದೇಶೀಯ ಸಂಸ್ಥಾನಗಳು. ಪ್ರಾಂತಗಳನ್ನನುಸರಿಸಿ ಕೂಡಿಸಿದ ಸಾಕ್ಷ್ಯದಲ್ಲಿ ಕನ್ನಡ ಪ್ರೇಕ್ಷಕನನ್ನು ಬೇರೆಯಾಗಿ ಗುರುತಿಸುವುದು ಸುಲಭಸಾಧ್ಯವಲ್ಲ.

ಆದರೂ ಈ ಸಾಕ್ಷ್ಯವನ್ನು ತಳ್ಳಿಹಾಕುವುದು ಸರಿಯಲ್ಲ. ಸಾಕ್ಷಿಯು ಹೇಳಬೇಕೆಂದು ಹೇಳಿದುದಕ್ಕಿಂತ, ಮಾತಿನ ನಡುವೆ ತಾನಾಗಿ ಹೊರಬಿದ್ದ ಸಂಗತಿಗೆ ಚರಿತ್ರೆಯಲ್ಲಿ ಹೆಚ್ಚಿನ ಬೆಲೆಯುಂಟು. ಶಾಸನದಲ್ಲಿ ರಾಜನ ಬಿರುದಾವಳಿಯನ್ನು ನಾವು ಪೂರ್ತಿ ನಂಬುವುದಿಲ್ಲ. ದತ್ತಿಯ ಗದ್ದೆಯ ಎಲ್ಲೆಯನ್ನು ಹೇಳುವ ಭಾಗವನ್ನು ನಂಬುತ್ತೇವೆ. ಇಲ್ಲಿಯೂ ಅದೇ ನ್ಯಾಯ. ನೀತಿಯ ಬಗೆಗೆ ಉಪನ್ಯಾಸ ಮಾಡುವ ಸಾಕ್ಷಿಯು ಪ್ರೇಕ್ಷಕನನ್ನು ಕುರಿತು ತನ್ನ ಭಯವನ್ನು ಮಾತ್ರ ತಿಳಿಸುತ್ತಾನೆ. ಚಿತ್ರಮಂದಿರದ ಮಾಲಿಕನಾದರೋ ಯಾವ ಚಿತ್ರಕ್ಕೆ ಜನ ಬಂದರು, ಯಾವುದಕ್ಕೆ ಬರಲಿಲ್ಲ ಎಂಬುದನ್ನು ಹೇಳುತ್ತಾನೆ. ಅವನ ಜೀವನವೇ ಅದರ ಮೇಲೆ ನಿಂತಿದೆ.

ಹೀಗೆ ಓದಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಮೂಕಚಿತ್ರವು ಮೂಕವಾಗಿದ್ದರೂ ಮಂದಿರವು ಮೂಕವಾಗಿರಲಿಲ್ಲ. ತೆರೆಯ ಮೇಲಿನ ವಾಕ್ಯಗಳು ಎರಡು ಮೂರು ಭಾಷೆಗಳಲ್ಲಿರುತ್ತಿದ್ದುವು; ಓದುಬಲ್ಲವನು ಓದಲಾರದ ನೆರೆಯವನಿಗಾಗಿ ಗಟ್ಟಿಯಾಗಿ ಓದುತ್ತಿದ್ದನು; ಕೆಲವೆಡೆ ಕಥೆಯನ್ನು ವಿವರಿಸಲು ಆಳನ್ನೇ ನೇಮಿಸುತ್ತಿದ್ದರು. ಗದುಗಿನ ಭಾರತವನ್ನು ಒಬ್ಬನು ಓದಿ ಇನ್ನೊಬ್ಬನು ಅರ್ಥ ಹೇಳುವ ಗಮಕದ ಸಂಪ್ರದಾಯವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಓದಿ ಹೇಳುವವನು ವ್ಯಾಖ್ಯಾನವನ್ನೂ ಸೇರಿಸದೆ ಇರಲಾರನು. ಆದುದರಿಂದ ಅಭಿಪ್ರಾಯವು ಆಟ ಮುಗಿದ ಮೇಲೆ ಹುಟ್ಟುತ್ತಿದ್ದುದಲ್ಲ, ಆಟದೊಡನೆಯೇ ಹಲವರ ನಡುವೆ ರೂಪುಗೊಳ್ಳುತ್ತಿತ್ತೆಂದು ನಾವು ಊಹಿಸಬಹುದು.

ಎರಡನೆಯದು, ಪ್ರೇಕ್ಷಕನ ಆಯ್ಕೆಯು ಅವನನ್ನು ಕಾಯಹೊರಟವರ ವಾದಗಳಿಗೆ ಸಿಕ್ಕುವಂತಿರಲಿಲ್ಲ. ಭಾರತದಲ್ಲಿ ಅತ್ಯಂತ ಜನಪ್ರಿಯವಾದ ಚಿತ್ರವೆಂದು ಸಮಿತಿಗೆ ತಿಳಿದುಬಂದುದು ಡಗ್ಲಾಸ್ ಫೇರ್‌ಬ್ಯಾಂಕ್ಸನ ‘ಬಾಗ್ದಾದಿನ ಕಳ್ಳ’ (೧೯೨೪). ಇದು ಅಮೆರಿಕದ ಚಿತ್ರವಾದರೂ ಅದರ ಕಥೆ ಪೂರ್ವದೇಶದ್ದು. ಮಾಯಾಕಂಬಳಿ, ರಾಜಕುಮಾರಿ, ಸಾಹಸ ಇವುಗಳಿಂದ ಕೂಡಿದ್ದು. ನಮ್ಮ ಕಂಪೆನಿ ನಾಟಕಗಳನ್ನೂ ಬಯಲಾಟಗಳನ್ನೂ ನೋಡಿದವನಿಗೆ ಅದರಲ್ಲಿ ಪರಕೀಯವೆನ್ನುವಂಥದು ವಿಶೇಷವಾಗಿರಲಿಲ್ಲ. ಚಿತ್ರವು ಯಾವ ದೇಶದಿಂದ ಬಂದಿತೆಂಬುದನ್ನು ಅಧಿಕಾರಿಯು ನೋಡಿದನು. ಅದರಲ್ಲಿ ರಸವಿದೆಯೇ ಎಂಬುದನ್ನು ಪ್ರೇಕ್ಷಕನು ನೋಡಿದನು.

ಸಾಕ್ಷಿಗಳಲ್ಲಿ ಅನೇಕರು ಪ್ರೇಕ್ಷಕರನ್ನು ವರ್ಗಗಳಾಗಿ ವಿಂಗಡಿಸಿದರು: ಕೂಲಿಗಾರರಿಗೆ ಸಾಹಸದ ಧಾರಾವಾಹಿಗಳು, ಗ್ರಾಮಸ್ಥರಿಗೆ ಪುರಾಣಚಿತ್ರಗಳು, ವಿದ್ಯಾವಂತರಿಗೆ ಸಾಮಾಜಿಕ ಚಿತ್ರಗಳು. ಮೇಲ್ನೋಟಕ್ಕೆ ಇದು ಭರತನ ವಿಭಾಗವೇ. ಆದರೆ ಒಂದು ಮುಖ್ಯ ಭೇದವುಂಟು. ಭರತನು ಅಭಿರುಚಿಗಳನ್ನು ಎಣಿಸಿದುದು ಪ್ರಯೋಗವನ್ನು ಮಾಡುವವನ ಉಪಯೋಗಕ್ಕಾಗಿ. ಅವನ ಸಭೆಯಲ್ಲಿ ಬಾಲಕನ ನಗೆಯೂ ಒಂದು ಸಿದ್ಧಿಯೇ. ಈ ಸಾಕ್ಷಿಗಳಲ್ಲಿ ಹಲವರು ಎಣಿಸಿದುದು ಯಾರಿಂದ ಏನನ್ನು ಮರೆಮಾಡಬೇಕೆಂದು ತಿಳಿಯುವುದಕ್ಕಾಗಿ. ಅಲ್ಲಿ ಪ್ರೇಕ್ಷಕನು ಪರೀಕ್ಷಕ. ಇಲ್ಲಿ ಅವನೇ ಪರೀಕ್ಷೆಗೆ ಒಳಗಾದವನು.

(೫)

ಪ್ರೇಕ್ಷಕನು ತನ್ನ ಹೆಸರಿನಲ್ಲಿ ತಾನೇ ಮಾತನಾಡತೊಡಗಿದುದು ಮುಂದಿನ ದಶಕದಲ್ಲಿ. ೧೯೩೫ರಲ್ಲಿ ಬಾಬೂರಾವ್ ಪಟೇಲರು ಮುಂಬಯಿಯಲ್ಲಿ ಆರಂಭಿಸಿದ ‘ಫಿಲ್ಮ್ ಇಂಡಿಯಾ’ ಮಾಸಪತ್ರಿಕೆಯಲ್ಲಿ ವಾಚಕರ ಪ್ರಶ್ನೆಗಳಿಗೂ ಸಂಪಾದಕರ ಮೊನಚಾದ ಉತ್ತರಗಳಿಗೂ ಪ್ರತ್ಯೇಕ ಪುಟಗಳಿದ್ದುವು. ಬಂದ ಚಿತ್ರ, ಬರಲಿರುವ ಚಿತ್ರ, ನಟನಟಿಯರು ಎಲ್ಲವೂ ಚರ್ಚೆಗೆ ಬರುತ್ತಿದ್ದುವು. ೧೯೩೮ರಲ್ಲಿ ಭಾರತೀಯರನ್ನು ಹೀನವಾಗಿ ಚಿತ್ರಿಸಿದ ‘ದಿ ಡ್ರಂ’ ಎಂಬ ಬ್ರಿಟಿಷ್ ಚಿತ್ರದ ವಿರುದ್ಧ ಮುಂಬಯಿಯ ಜನರು ಪ್ರತಿಭಟಿಸಿ ಅದರ ಪ್ರದರ್ಶನವನ್ನು ನಿಲ್ಲಿಸಿದರು. ಹತ್ತು ವರ್ಷಗಳ ಹಿಂದೆ ಅನ್ಯರ ರಕ್ಷಣೆ ಬೇಕಾದವನೆಂದು ಎಣಿಸಲ್ಪಟ್ಟಿದ್ದ ಪ್ರೇಕ್ಷಕನು ಈಗ ತಾನೇ ತೀರ್ಪುಗಾರನಾದನು.

೧೯೪೭ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲ್ಕತ್ತದಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿದರು. ಒಳ್ಳೆಯ ಚಿತ್ರಗಳನ್ನು ಕೂಡಿ ನೋಡಿ ಕೂಡಿ ಚರ್ಚಿಸಿದ ಆ ಗೋಷ್ಠಿಯಿಂದಲೇ ಮುಂದೆ ‘ಪಥೇರ್ ಪಾಂಚಾಲಿ’ಯ (೧೯೫೫) ನಿರ್ದೇಶಕರು ಬಂದರೆಂಬುದು ಗಮನಾರ್ಹ. ಕರ್ನಾಟಕದಲ್ಲಿ ೧೯೭೧ರಲ್ಲಿ ಬೆಂಗಳೂರಿನ ಸುಚಿತ್ರವೂ, ೧೯೭೩ರಲ್ಲಿ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದ ನೀನಾಸಂ ಚಿತ್ರಸಮಾಜವೂ ಹುಟ್ಟಿದುವು. ಮಲೆನಾಡಿನ ಹಳ್ಳಿಯೊಂದರ ಅಡಕೆ ಬೆಳೆಗಾರರ, ಕೂಲಿಗಾರರ ಮುಂದೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನಿಟ್ಟು ಅವರ ಅಭಿಪ್ರಾಯವನ್ನು ಕೇಳಿದ ಆ ಸಾಹಸವು, ರಂಗಾಚಾರಿಯರ್ ಸಮಿತಿಗೆ ಸಾಕ್ಷ್ಯ ನುಡಿದ ಎಷ್ಟೋ ವಿದ್ಯಾವಂತರಿಗೆ ಕೊಟ್ಟ ಉತ್ತರದಂತಿದೆ. ಕವಿರಾಜಮಾರ್ಗಕಾರನ ಮಾತಿಗೆ ಸಾವಿರ ವರ್ಷಗಳ ತರುವಾಯ ಬರೆದ ಟೀಕೆಯಂತೆಯೂ ಇದೆ.

ಭಾರತದ ಚಿತ್ರಸಂಗ್ರಹಾಲಯವು ಪುಣೆಯಲ್ಲಿ ೧೯೬೪ರಲ್ಲಿ ಸ್ಥಾಪಿತವಾಯಿತು. ಅಷ್ಟರಲ್ಲಿ ಎಷ್ಟೋ ಚಿತ್ರಗಳು ನಾಶವಾಗಿದ್ದುವು. ಪ್ರೇಕ್ಷಕರ ಮಾತುಗಳಿಗೆ ಅಂಥ ಆಲಯವು ಇನ್ನೂ ಬೇಕಾಗಿದೆ. ಇಂದು ಚಿತ್ರವೊಂದು ತೆರೆಕಂಡ ಗಳಿಗೆಯಲ್ಲಿಯೇ ಸಾವಿರಾರು ಜನರ ಮೆಚ್ಚಿಕೆ ತಿರಸ್ಕಾರಗಳು ದೇಶದೇಶಕ್ಕೆ ಹರಡುತ್ತವೆ; ಹರಡಿದಷ್ಟೇ ವೇಗದಿಂದ ಮರೆಯಾಗುತ್ತವೆ. ಹಳೆಯ ಕರಪತ್ರಗಳು, ಪದ್ಯಾವಳಿಯ ಪುಸ್ತಕಗಳು, ದಿನಚರಿಗಳು, ಕಾಗದಗಳು, ಪತ್ರಿಕೆಗಳಿಗೆ ವಾಚಕರು ಬರೆದ ಓಲೆಗಳು ಇವುಗಳನ್ನು ಊರೂರಿನ ಗ್ರಂಥಾಲಯಗಳೂ ಕಾಲೇಜುಗಳ ಕನ್ನಡ ಸಂಘಗಳೂ ಸಂಗ್ರಹಿಸತೊಡಗಿದರೆ, ಪ್ರಾಂತಗಳ ನಡುವೆ ಹಂಚಿಹೋಗಿ ಸಮಿತಿಯ ಕಣ್ಣಿಗೆ ಬೀಳದೆಹೋದ ಕನ್ನಡ ಪ್ರೇಕ್ಷಕನು ತನ್ನ ಮಾತಿನಲ್ಲಿಯೇ ಚರಿತ್ರೆಗೆ ಸಾಕ್ಷ್ಯ ನುಡಿಯುವಂತಾಗುವುದು. ಕೃತಿಯ ರಕ್ಷಣೆಯಂತೆ ಸಹೃದಯನ ಮಾತಿನ ರಕ್ಷಣೆಯೂ ವಿದ್ವಾಂಸರ ಕರ್ತವ್ಯವೆಂದು ನಮ್ಮ ವಿಜ್ಞಾಪನೆ.