ಕಗ್ಗದಾಸಪುರಕ್ಕೆ ಕಿಲೋ ಬಂದ ದಾರಿ

ತಕ್ಕಡಿ ರಿಪೇರಿ ನಮ್ಮ ಮನೆತನದ ಕಸುಬು. ಅಪ್ಪ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ಕೆಲಸ ಕಲಿತು ಹಲಸೂರಿನಲ್ಲಿ ಅಂಗಡಿ ಇಟ್ಟರು. ನಾನು ಅದನ್ನು ಕಗ್ಗದಾಸಪುರಕ್ಕೆ ತಂದೆ. ರೈಲ್ವೆ ಗೇಟಿನಿಂದ ಕೆರೆಯ ಕಡೆವರೆಗೆ ಇರುವ ದಿನಸಿ ಅಂಗಡಿ, ಕೋಳಿ ಅಂಗಡಿ, ಹಳೇ ಪೇಪರ್ ಅಂಗಡಿಗಳ ತಕ್ಕಡಿಗಳೆಲ್ಲ ನನ್ನ ಕೈಗೆ ಬಂದು ಹೋಗುತ್ತವೆ. ಕಿಲೋಗ್ರಾಂ ಕಥೆಯನ್ನು ಎಲ್ಲರೂ ಪ್ಯಾರಿಸ್ಸಿನಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಅದನ್ನು ಮಣದಿಂದ ಶುರು ಮಾಡಬೇಕು. ಮಣ ಏನೆಂದು ಗೊತ್ತಿಲ್ಲದಿದ್ದರೆ ಕಿಲೋ ಯಾಕೆ ಬೇಕಾಯಿತು ಎಂಬುದು ತಿಳಿಯುವುದೇ ಇಲ್ಲ.

ಬೆಂಗಳೂರಿನ ಪೇಟೆಯಲ್ಲಿ 24 ತೊಲಕ್ಕೆ ಒಂದು ಕಚ್ಚಾ ಸೇರು, 40 ಕಚ್ಚಾ ಸೇರಿಗೆ ಒಂದು ಮಣ. ತೊಲ ಎಂದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ, ಈಗಿನ 11.66 ಗ್ರಾಂ. ಬಟ್ಟು ಇಲ್ಲದಿದ್ದರೆ ರೂಪಾಯಿಯನ್ನೇ ತಟ್ಟೆಗೆ ಹಾಕಿ ತೂಗಬಹುದಿತ್ತು. ಈ ಲೆಕ್ಕದಲ್ಲಿ ಪೇಟೆಯ ಮಣ 11 ಕಿಲೋ ಚಿಲ್ಲರೆ. ರೈಲ್ವೆಯ ಮಣ 80 ತೊಲದ ಪಕ್ಕಾ ಸೇರಿನಿಂದ ಕಟ್ಟಿದ್ದು, ಅದು 37 ಕಿಲೋ ದಾಟುತ್ತದೆ. ಆ ರೈಲು 1864ರಲ್ಲೇ ಜೋಲಾರಪೇಟೆಯಿಂದ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದಿತ್ತು. ದಂಡಿನಲ್ಲಿ ಇಂಗ್ಲಿಷರ ರಾತ್ಲು, ಅಂದರೆ ಪೌಂಡು, ನಡೆಯುತ್ತಿತ್ತು. ಮದ್ರಾಸ್ ಕಡೆಯ ವ್ಯಾಪಾರಿಗಳ ವೀಸೆ ಬೇರೆ, ಅದು 120 ತೊಲ. ಕಗ್ಗದಾಸಪುರದಿಂದ ಹೊರಟ ತರಕಾರಿ ಮೂಟೆ ಹಲಸೂರು, ಶಿವಾಜಿನಗರ ಮುಟ್ಟುವಷ್ಟರಲ್ಲಿ ಎಷ್ಟು ಭಾಷೆ ದಾಟುತ್ತಿತ್ತೋ ಅಷ್ಟೇ ತೂಕಗಳನ್ನೂ ದಾಟಬೇಕಾಗಿತ್ತು. ಪ್ರತಿ ದಾಟಿನಲ್ಲೂ ಲೆಕ್ಕ ಗೊತ್ತಿದ್ದವನು ಗೆಲ್ಲುತ್ತಿದ್ದ, ಬೆಳೆದವನು ಸೋಲುತ್ತಿದ್ದ.

ರಾಗಿಯ ವಿಷಯ ಇನ್ನೊಂದು. ರಾಗಿಯನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಸೇರು, ಬಳ್ಳ, ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಕಣದಲ್ಲಿ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಹಿಡಿಯುವ ಪದ್ಧತಿ ನನಗೆ ಇಂದಿಗೂ ಇಷ್ಟ. ಇಷ್ಟು ಬೀಜ ಹಿಡಿಯುವ ಹೊಲ ಎಂದು ಭೂಮಿಯನ್ನೂ ಖಂಡುಗದಲ್ಲೇ ಹೇಳುತ್ತಿದ್ದರು. ಆ ಅಳತೆಗೆ ನೆಲದ ಅರಿವಿತ್ತು. ಆದರೆ ಕೊಳಗದ ಮೇಲೆ ಗೋಪುರ ನಿಲ್ಲಿಸಿ ತುಂಬುವುದೋ, ಅಂಚಿಗೆ ಕೈಯಾಡಿಸಿ ಸಮ ಮಾಡುವುದೋ ಎಂಬುದನ್ನು ಕೊಳಗ ಹೇಳುತ್ತಿರಲಿಲ್ಲ. ಅದನ್ನು ಹೇಳುತ್ತಿದ್ದವನು ಅಳೆಯುವವನು. ಗೇಣಿ ತೆಗೆದುಕೊಳ್ಳುವಾಗ ಗೋಪುರ, ಸಾಲ ಕೊಡುವಾಗ ಸಮ. ನಮ್ಮಜ್ಜಿ ಇದನ್ನು ಸಾಯುವವರೆಗೂ ಮರೆಯಲಿಲ್ಲ. ಹಳೇ ಅಳತೆಗಳನ್ನು ಹೊಗಳುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಗೋಪುರ ನೆನಪಾಗಿ ಸಿಟ್ಟು ಬರುತ್ತದೆ.

ತೊಲ, ಸೇರು, ಮಣಗಳನ್ನು ಒಂದೇ ಮಾಡಲು 1939ರಲ್ಲೇ ಕೇಂದ್ರದ ಕಾಯ್ದೆ ಬಂದಿತ್ತು. ಪೇಟೆ ಅದಕ್ಕೆ ಬಗ್ಗಲಿಲ್ಲ. 1956ರ ಡಿಸೆಂಬರಿನಲ್ಲಿ ಸಂಸತ್ತು ಮೆಟ್ರಿಕ್ ಪದ್ಧತಿಯ ಕಾಯ್ದೆ ಮಾಡಿತು. 1957ರ ಏಪ್ರಿಲ್ 1ರಿಂದ ನಯಾ ಪೈಸೆ, 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಕಿಲೋ, 1962ರ ಏಪ್ರಿಲ್ ಹೊತ್ತಿಗೆ ದೇಶಕ್ಕೆಲ್ಲ ಕಿಲೋ ಕಡ್ಡಾಯ. ಅಪ್ಪನ ಪಾಲಿಗೆ ಅವು ಸುಗ್ಗಿಯ ವರ್ಷಗಳು. ಹಳೇ ಬಟ್ಟುಗಳು ಗುಜರಿಗೆ, ಹೊಸ ಆರು ಮೂಲೆಯ ಕಬ್ಬಿಣದ ಬಟ್ಟುಗಳು ಅಂಗಡಿಗೆ.

ಆಗ ಗಿರಾಕಿಗಳಿಗೆ ದೊಡ್ಡ ಗೊಂದಲ. ಹಲಸೂರಿನ ಮುದುಕಿಯೊಬ್ಬರು “ಏನಪ್ಪಾ, ಈ ಕಿಲೋ ನಮ್ಮ ಸೇರಿಗಿಂತ ದೊಡ್ಡದಾ, ಚಿಕ್ಕದಾ? ಅದೊಂದು ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದು ಕೇಳಿದ್ದನ್ನು ಅಪ್ಪ ಹೇಳುತ್ತಿದ್ದರು. “ಪಕ್ಕಾ ಸೇರಿಗಿಂತ ಆರು ತೊಲ ಜಾಸ್ತಿ ಅಜ್ಜಿ, ಕಚ್ಚಾ ಸೇರಾದ್ರೆ ಮೂರೂವರೆ ಸೇರಿಗೆ ಒಂದು ಕಿಲೋ” ಎಂದು ಅಪ್ಪ ಉತ್ತರ ಕೊಟ್ಟಿದ್ದರಂತೆ. ಆ ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಹೊಸ ತೂಕಕ್ಕೆ ಹಳೇ ಬೆಲೆ ಹಾಕುತ್ತಾರೋ, ಹಳೇ ತೂಕಕ್ಕೆ ಹೊಸ ಬೆಲೆ ಹಾಕುತ್ತಾರೋ ಎಂಬ ಭಯ ಅದರಲ್ಲಿತ್ತು.

ಇದೇ ಭಯ ಫ್ರಾನ್ಸಿನಲ್ಲೂ ಇತ್ತು. ಕ್ರಾಂತಿಗೆ ಮುಂಚೆ ಅಲ್ಲಿ ಜಮೀನುದಾರನಿಗೊಂದು ಅಳತೆ, ಊರಿಗೊಂದು ಅಳತೆ. ಅದಕ್ಕೇ ಯಾವ ದೊರೆಗೂ ಸೇರದ ನೀರನ್ನು ಆಧಾರವಾಗಿ ಹಿಡಿದರು. 1795ರ ಕಾಯ್ದೆಯಂತೆ ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ. 1799ರಲ್ಲಿ ಸಾವಿರ ಗ್ರಾಮಿನ ಪ್ಲಾಟಿನಂ ಬಟ್ಟು ತಯಾರಾಯಿತು. 1889ರಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿದ, 39 ಮಿಲಿಮೀಟರ್ ಎತ್ತರ, ಅಷ್ಟೇ ಅಗಲದ ಉರುಳೆ ಲೋಕಕ್ಕೆಲ್ಲ ಕಿಲೋ ಆಯಿತು. ಅದರ ಪ್ರತಿಗಳಲ್ಲಿ 57ನೇದು ಭಾರತದ್ದು, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ಅದರಿಂದ ಕೆಳಗಿನ ಪ್ರಯೋಗಾಲಯಗಳ ಬಟ್ಟು, ಅದರಿಂದ ತೂಕ ಅಳತೆ ಇಲಾಖೆಯ ಇನ್‌ಸ್ಪೆಕ್ಟರ ಬಟ್ಟು, ಅದರಿಂದ ಅಂಗಡಿಯ ಬಟ್ಟು. ಆ ಉರುಳೆ ಇರುವ, ಪ್ಯಾರಿಸ್ ಹತ್ತಿರದ ಸೆವ್ರ್‌ನಿಂದ ನಮ್ಮೂರ ಈರುಳ್ಳಿ ಗಾಡಿಯವರೆಗೆ ಈ ಸರಪಳಿ ಎಲ್ಲೂ ತುಂಡಾಗುವಂತಿಲ್ಲ.

ಸರಪಳಿಯ ನಮ್ಮ ಕಡೆಯ ಕೊಂಡಿಯನ್ನು ನೋಡಬೇಕಿದ್ದರೆ ಒಂದು ಕಿಲೋ ಬಟ್ಟನ್ನು ಬೋರಲು ಹಾಕಿ. ಅಲ್ಲೊಂದು ಕುಳಿ, ಕುಳಿಯಲ್ಲಿ ಸೀಸ, ಸೀಸದ ಮೇಲೆ ಇಲಾಖೆಯ ಮುದ್ರೆ. ಒದ್ದೆ ಕೈ, ತುಕ್ಕು, ಕಲ್ಲಿನ ಮೇಲೆ ಕುಕ್ಕುವುದು, ಇವುಗಳಿಂದ ಕಬ್ಬಿಣ ಸವೆಯುತ್ತಾ ಬರುತ್ತದೆ. ತುಕ್ಕು ಉಜ್ಜಿ ತೆಗೆದು, ಇನ್‌ಸ್ಪೆಕ್ಟರ ಬಟ್ಟಿಗೆ ಹೋಲಿಸಿ ಸರಿಮಾಡಿದ ನನ್ನ ಬಟ್ಟಿನೆದುರು ತೂಗಿ, ಕುಳಿಗೆ ಸೀಸದ ಚೂರು ಸೇರಿಸಿ ಉಳಿಯಿಂದ ಬಡಿದು ಕೂರಿಸಬೇಕು. ಮುಳ್ಳು ನೆಟ್ಟಗೆ ನಿಂತ ಮೇಲೆ ಮುದ್ರೆಗೆ ಕಳಿಸಬೇಕು. ಕಬ್ಬಿಣದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಲೇಬೇಕು. ಮುದ್ರೆಯಾದ ಸೀಸವನ್ನು ಕೆದಕಿದ ಬಟ್ಟು ಕಂಡರೆ ನಾನು ಮಾಲೀಕನ ಮುಖ ನೋಡದೆ ವಾಪಸ್ ಕೊಡುತ್ತೇನೆ.

ಸೆವ್ರ್‌ನ ಉರುಳೆಯೂ ಸ್ಥಿರವಾಗಿ ಉಳಿಯಲಿಲ್ಲ. ಅದರ ಪ್ರತಿಗಳ ಜೊತೆ ಹೋಲಿಸಿದಾಗ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಕಂಡಿತು. 2018ರ ನವೆಂಬರ್ 16ರಂದು ದೇಶಗಳೆಲ್ಲ ವರ್ಸೈಯಲ್ಲಿ ಸೇರಿ ಆ ಲೋಹವನ್ನು ಕೈಬಿಟ್ಟವು. 2019ರ ಮೇ 20ರಿಂದ ಕಿಲೋಗೆ ಆಧಾರ ಪ್ಲಾಂಕ್ ಸ್ಥಿರಾಂಕ, ಪ್ರಕೃತಿಯಲ್ಲಿ ಎಲ್ಲೆಲ್ಲೂ ಒಂದೇ ಆಗಿರುವ ಒಂದು ಸಂಖ್ಯೆ. ನಮ್ಮಜ್ಜಿಯ ಕಣದ ಗೋಪುರದಿಂದ ಇಲ್ಲಿಗೆ ಬಂದದ್ದನ್ನು ನಾನು ದೊಡ್ಡ ನ್ಯಾಯವೆಂದೇ ತಿಳಿದಿದ್ದೇನೆ.

ಈ ಕಿಲೋ ಅಂಗಡಿಯ ತಕ್ಕಡಿಗೆ ಇಳಿಯುವಾಗ ಒಂದು ತೊಡಕಿದೆ. ಕಿಲೋ ಎಂದರೆ ವಸ್ತುವಿನಲ್ಲಿರುವ ದ್ರವ್ಯ, ಭೂಮಿ ಅದನ್ನು ಎಳೆಯುವ ಬಲವಲ್ಲ. ಎರಡು ತಟ್ಟೆಯ ತಕ್ಕಡಿಯಲ್ಲಿ ಭೂಮಿ ಎರಡೂ ಕಡೆ ಒಂದೇ ಸಮ ಎಳೆಯುವುದರಿಂದ ಈ ಭೇದ ಗೊತ್ತಾಗುವುದಿಲ್ಲ. ಈಗಿನ ಎಲೆಕ್ಟ್ರಾನಿಕ್ ಮಿಷನ್ನು ಅಳೆಯುವುದು ಎಳೆತವನ್ನು. ಬೆಂಗಳೂರು ದೆಹಲಿಗಿಂತ ಭೂಮಧ್ಯರೇಖೆಗೆ ಹತ್ತಿರ, ಎತ್ತರವೂ ಹೆಚ್ಚು. ಇಲ್ಲಿ ಎಳೆತ ಸ್ವಲ್ಪ ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ಮಿಷನ್ನನ್ನು ಹಾಗೇ ತಂದಿಟ್ಟರೆ ಕಿಲೋಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಅಕ್ಕಿಗೆ ಅದು ಲೆಕ್ಕವಲ್ಲ, ಚಿನ್ನದಂಗಡಿಗೆ ಲೆಕ್ಕ. ಅದಕ್ಕೇ ಎಲ್ಲೇ ತಯಾರಾದ ಮಿಷನ್ ಬಂದರೂ ಮುದ್ರೆಯಾದ ಬಟ್ಟಿಟ್ಟು ಇಲ್ಲೇ ಹೊಂದಿಸುತ್ತೇನೆ. ನಡುವೆ ಒಂದು ಸಲ, ನಾಲ್ಕು ಮೂಲೆಗೆ ಒಂದೊಂದು ಸಲ ಅದೇ ಬಟ್ಟನ್ನು ಇಟ್ಟು ನೋಡಬೇಕು. ಎಲ್ಲ ಕಡೆಯೂ ಅಂಕಿ ಸರಿ ಬಂದರೆ ಮಾತ್ರ ಅದು ಮುದ್ರೆಗೆ ಹೋಗುತ್ತದೆ.