ಲಾವಾ ಗುಮ್ಮಟ ಕುಸಿದರೆ ಜ್ವಾಲಾಮುಖಿ ಸಿಡಿಯುವುದೇಕೆ?

ಮೂಡಿಗೆರೆ ತಾಲ್ಲೂಕಿನ ದೇವರಮನೆ ಸುತ್ತಲಿನ ಕಾಫಿ ಸೀಮೆಗೆ ಗುಡ್ಡ ಜರಿಯುವುದು ಹೊಸದಲ್ಲ. 2019ರ ಆಗಸ್ಟ್ ಮಳೆಯಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಮನೆ, ತೋಟಗಳು ಮಣ್ಣುಪಾಲಾದವು. ಇಲ್ಲಿ ನೀರು ಕುಡಿದ ಮಣ್ಣು ಇಳಿದು ನಿಂತರೆ ಕುಸಿತ ಮುಗಿಯಿತು. ಜೀವಂತ ಜ್ವಾಲಾಮುಖಿಯಲ್ಲಿ ಹಾಗಲ್ಲ; ಕುಸಿತವೇ ಮಹಾಸ್ಫೋಟದ ಆರಂಭವಾಗಬಹುದು.

ಗುಮ್ಮಟ ಎಂದರೇನು?

ಸಿಲಿಕಾ ಅಂಶ ಹೆಚ್ಚಿರುವ ಲಾವಾರಸ ಬಹಳ ಮಂದ. ಅದು ದೂರ ಹರಿಯದೆ ಜ್ವಾಲಾಮುಖಿಯ ಬಾಯಿಯಲ್ಲೇ ರಾಶಿಯಾಗಿ ಉಬ್ಬುತ್ತದೆ. ಇದೇ ಲಾವಾ ಗುಮ್ಮಟ. ಹೊರಮೈ ತಣಿದು ಗಟ್ಟಿಯಾದರೂ ಒಳಗಿನ ಶಿಲಾರಸ ಕುದಿಯುತ್ತಲೇ ಇರುತ್ತದೆ. ನೀರಾವಿ ಮೊದಲಾದ ಅನಿಲಗಳು ಅದರಲ್ಲಿ ಒತ್ತಡಕ್ಕೆ ಸಿಲುಕಿರುತ್ತವೆ.

ಸ್ಫೋಟ ಹೇಗೆ?

ಗುಮ್ಮಟದ ಭಾರವೇ ಈ ಅನಿಲಗಳಿಗೆ ಮುಚ್ಚಳ. ಕಡಿದಾಗಿ ಬೆಳೆದ ಗುಮ್ಮಟ ತನ್ನ ತೂಕದಿಂದಲೋ, ಭೂಕಂಪದಿಂದಲೋ, ಕೆಲವೊಮ್ಮೆ ಭಾರಿ ಮಳೆಯಿಂದಲೋ ಜರಿದಾಗ ಆ ಒತ್ತಡ ಒಮ್ಮೆಲೇ ಇಳಿಯುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ನೊರೆ ಉಕ್ಕುವಂತೆ ಅನಿಲಗಳು ಗುಳ್ಳೆಗಳಾಗಿ ಹಿಗ್ಗುತ್ತವೆ. ಶಿಲಾರಸವನ್ನು ಛಿದ್ರಗೊಳಿಸಿ ಬೂದಿಯಾಗಿ ಎಸೆಯುತ್ತವೆ. ಜರಿದ ಬಿಸಿ ಬಂಡೆ, ಬೂದಿ, ಅನಿಲಗಳ ಪ್ರವಾಹ ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗದಲ್ಲಿ ಕಣಿವೆಗೆ ನುಗ್ಗಬಲ್ಲದು. ಓಡಿ ಪಾರಾಗುವುದು ಅಸಾಧ್ಯ.

ಇತಿಹಾಸದ ಪಾಠ

1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದ ಒಡಲಲ್ಲಿ ಶಿಲಾರಸ ತುಂಬಿ ಉಬ್ಬಿದ್ದ ಉತ್ತರ ಪಾರ್ಶ್ವ ಭೂಕಂಪಕ್ಕೆ ಜರಿಯಿತು. ಕೂಡಲೇ ಪರ್ವತ ಪಕ್ಕಕ್ಕೆ ಸಿಡಿದು 57 ಮಂದಿ ಸತ್ತರು. ಜಪಾನಿನ ಉನ್ಝೆನ್‌ನಲ್ಲಿ 1991ರ ಜೂನ್ 3ರಂದು ಗುಮ್ಮಟ ಕುಸಿದು ಹರಿದ ಬಿಸಿ ಬೂದಿಯ ಪ್ರವಾಹ 43 ಮಂದಿಯನ್ನು ಬಲಿ ಪಡೆಯಿತು. ಕೆರಿಬಿಯನ್‌ನ ಮಾಂಟ್‌ಸೆರಾಟ್ ದ್ವೀಪದಲ್ಲಿ 1996ರ ಸೆಪ್ಟೆಂಬರ್ 17ರಂದು ಗುಮ್ಮಟ ಕುಸಿದ ಬೆನ್ನಲ್ಲೇ ಸ್ಫೋಟ ಸಂಭವಿಸಿತು. ಅಲ್ಲಿ 1997ರ ಜೂನ್ 25ರ ಕುಸಿತಕ್ಕೆ 19 ಮಂದಿ ಬಲಿಯಾದರು.

ಚಿಕ್ಕಮಗಳೂರಿಗೆ ಭಯವಿಲ್ಲ

ಬಾಬಾಬುಡನ್ ಗಿರಿಶ್ರೇಣಿಯಲ್ಲಿ 270 ಕೋಟಿ ವರ್ಷಗಳಿಗೂ ಹಿಂದಿನ ಲಾವಾ ಶಿಲೆಗಳಿವೆ. ಆ ಬೆಂಕಿ ಆರಿ ಯುಗಗಳೇ ಕಳೆದಿವೆ. ಈಗ ಭಾರತದ ಸಕ್ರಿಯ ಜ್ವಾಲಾಮುಖಿ ಎಂದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಮಲೆನಾಡಿನಲ್ಲಿ ಗುಡ್ಡ ಜರಿದರೆ ಕಾರಣ ಮಳೆ ಮತ್ತು ಇಳಿಜಾರಿನ ಮಣ್ಣು, ಬೆಂಕಿಯಲ್ಲ.

ಎಚ್ಚರಿಕೆಯ ಕ್ರಮ ಮಾತ್ರ ಎರಡೂ ಕಡೆ ಒಂದೇ. ಗುಮ್ಮಟದ ಉಬ್ಬು, ಅನಿಲ, ಸಣ್ಣ ಕಂಪನಗಳನ್ನು ತಜ್ಞರು ಅಳೆಯುತ್ತಾರೆ. ಮಲೆನಾಡಿನಲ್ಲಿ ನೆಲದ ಬಿರುಕು, ಒಮ್ಮೆಲೇ ಕೆಂಪಾದ ಹಳ್ಳದ ನೀರನ್ನು ಗಮನಿಸಬೇಕು. ಜರಿಯುವ ಮೊದಲೇ ಜನ ಜಾಗ ಬಿಟ್ಟರಷ್ಟೇ ಜೀವ ಉಳಿದೀತು.