ಮುಟ್ಟಬಾರದ ಕಲ್ಲು, ಮುಟ್ಟಬೇಕಾದ ಯಂತ್ರ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರು ನೋಡಲು ಬರುವವರು ಕಬ್ಬನ್ ಪಾರ್ಕಿನ ಅಂಚಿನ ಕಸ್ತೂರ್ಬಾ ರಸ್ತೆಗೆ ಒಮ್ಮೆಯಾದರೂ ಹೋಗುತ್ತಾರೆ. ಆ ರಸ್ತೆಯಲ್ಲಿ ಎರಡು ವಸ್ತುಸಂಗ್ರಹಾಲಯಗಳು ಅಕ್ಕಪಕ್ಕದಲ್ಲೇ ಇವೆ. ಕೆಂಪು ಬಣ್ಣದ ಹಳೆಯ ಕಟ್ಟಡದಲ್ಲಿರುವುದು ಸರ್ಕಾರಿ ವಸ್ತುಸಂಗ್ರಹಾಲಯ. ಅದರಾಚೆ ಇರುವುದು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಮೊದಲನೆಯದು ಸ್ಥಾಪನೆಯಾದದ್ದು 1865ರಲ್ಲಿ. ಎರಡನೆಯದರ ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ. ನಡೆದು ಹೋದರೆ ಕೆಲವೇ ನಿಮಿಷದ ದಾರಿ. ಕಾಲದ ಲೆಕ್ಕದಲ್ಲಿ ಸರಿಯಾಗಿ ನೂರು ವರ್ಷ. ಈ ನೂರು ವರ್ಷಗಳಲ್ಲಿ 'ವಸ್ತುಸಂಗ್ರಹಾಲಯ ಏತಕ್ಕೆ?' ಎಂಬ ಪ್ರಶ್ನೆಗೆ ಉತ್ತರವೇ ಬದಲಾಯಿತು. ಅದು ಹೇಗೆ ಎಂದು ತಿಳಿದುಕೊಂಡು ಹೋದರೆ, ಮಕ್ಕಳೊಡನೆ ಕಳೆಯುವ ಆ ಒಂದು ದಿನ ಸಾರ್ಥಕವಾಗುತ್ತದೆ.

ಕಲ್ಲಿನ ಮೇಲಿನ ಸಾಕ್ಷ್ಯ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಹಿಂದೆ ಎಡ್ವರ್ಡ್ ಬಾಲ್ಫೋರ್ ಎಂಬ ಶಸ್ತ್ರವೈದ್ಯರ ಶ್ರಮವಿದೆ. ಮದರಾಸಿನ ವಸ್ತುಸಂಗ್ರಹಾಲಯವನ್ನು 1851ರಲ್ಲಿ ಆರಂಭಿಸುವ ಹೊಣೆ ಹೊತ್ತಿದ್ದವರೂ ಅವರೇ. ಈಗಿನ ಕಟ್ಟಡ 1877ರದು. ಸಿಕ್ಕಿದ್ದನ್ನು ಸಂಗ್ರಹಿಸುವುದು, ವರ್ಗೀಕರಿಸುವುದು, ಹೆಸರಿನ ಚೀಟಿ ಅಂಟಿಸುವುದು, ಕೆಡದಂತೆ ಕಾಪಾಡುವುದು ಅಂದಿನ ವಸ್ತುಸಂಗ್ರಹಾಲಯಗಳ ಧ್ಯೇಯವಾಗಿತ್ತು. 'ಮುಟ್ಟಬೇಡಿ' ಎಂಬ ಫಲಕ ಹುಟ್ಟಿದ್ದು ಈ ಧ್ಯೇಯದಿಂದಲೇ.

ಇಲ್ಲಿ ನೀವು ಮಕ್ಕಳಿಗೆ ತೋರಿಸಲೇಬೇಕಾದದ್ದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರ ರಾಜಾದಿತ್ಯನ ವಿರುದ್ಧ ತಕ್ಕೋಲದಲ್ಲಿ ಮಾಡಿದ ಯುದ್ಧವನ್ನು ಇದು ಹೇಳುತ್ತದೆ. ಆದರೆ ಮಕ್ಕಳ ಕಣ್ಣು ನಿಲ್ಲುವುದು ಯುದ್ಧದ ಮೇಲಲ್ಲ. ಕಲ್ಲಿನಲ್ಲಿ ಒಂದು ನಾಯಿ ಕಾಡುಹಂದಿಯೊಡನೆ ಹೋರಾಡುತ್ತಿದೆ! ಮಣಲೇರ ಎಂಬ ವೀರ ತನ್ನ ಒಡೆಯ ಬೂತುಗನಿಂದ ಕೇಳಿ ಪಡೆದ ಬೇಟೆನಾಯಿ ಅದು, ಹೆಸರು ಕಾಳಿ. ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು.

ಭೌತವಿಜ್ಞಾನದವನಿಗೆ ಇದರಲ್ಲಿ ಏನು ಆಸಕ್ತಿ ಎಂದು ನೀವು ಕೇಳಬಹುದು. ಈ ಕಲ್ಲು ಪ್ರತಿಯಲ್ಲ, ಮಾದರಿಯಲ್ಲ. ಘಟನೆ ನಡೆದ ಕಾಲದಲ್ಲೇ ಬರೆದಿಟ್ಟ ದಾಖಲೆ. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಅಳತೆಯನ್ನು ನೋಡಿದ ಕೂಡಲೇ ದಾಖಲೆ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಅಳಿಸಿ ತಿದ್ದಬೇಡಿ. ಮೂಲ ಸಾಕ್ಷ್ಯ ಉಳಿದಿದ್ದರೆ ಮುಂದಿನವರು ಹೊಸ ಪ್ರಶ್ನೆ ಕೇಳಬಹುದು.

ಗುಂಡಿ ಒತ್ತಿ ನೋಡಿ

ಯಂತ್ರಗಳ ವಿಷಯದಲ್ಲಿ ಈ ಕ್ರಮ ಸಾಲದಾಯಿತು. ನಿಂತ ಯಂತ್ರ ಕಬ್ಬಿಣದ ರಾಶಿಯಂತೆ. ಅದು ಓಡಿದರೆ ಮಾತ್ರ ಅರ್ಥವಾಗುತ್ತದೆ. ಇದನ್ನು ಸ್ಪಷ್ಟವಾಗಿ ಕಂಡವರಲ್ಲಿ ಜರ್ಮನಿಯ ವಿದ್ಯುತ್ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ ಪ್ರಮುಖರು. ವಿದ್ಯುತ್ತನ್ನು ದೂರಕ್ಕೆ ಸಾಗಿಸಬಹುದು ಎಂದು ಜನರ ಕಣ್ಣೆದುರು ತೋರಿಸುವುದರಲ್ಲಿ ಅವರು ನಿಪುಣರು. 1882ರಲ್ಲಿ ಮೀಸ್‌ಬಾಖ್‌ನಿಂದ ಮ್ಯೂನಿಕ್‌ಗೆ 57 ಕಿ.ಮೀ. ದೂರ ವಿದ್ಯುತ್ ಹರಿಸಿ, ಪ್ರದರ್ಶನದಲ್ಲಿ ಒಂದು ಕೃತಕ ಜಲಪಾತಕ್ಕೆ ನೀರೆತ್ತುವ ಪಂಪನ್ನು ನಡೆಸಿದರು. 1891ರಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿ.ಮೀ. ದೂರ ಮೂರು ಫೇಸಿನ ಪರ್ಯಾಯ ವಿದ್ಯುತ್ತನ್ನು ಸಾಗಿಸಿದ ಪ್ರಯೋಗವನ್ನು ಮುನ್ನಡೆಸಿದವರೂ ಅವರೇ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಸಾಗಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗವಾಗುತ್ತದೆ, ತಂತಿಯಲ್ಲಿ ಉಷ್ಣವಾಗಿ ಪೋಲಾಗುವುದು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ತತ್ತ್ವದ ಬಲದಿಂದ 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು.

ಫಾನ್ ಮಿಲ್ಲರ್ 1903ರಲ್ಲಿ ಮ್ಯೂನಿಕ್‌ನಲ್ಲಿ ಡಾಯ್ಚಸ್ ಮ್ಯೂಸಿಯಂ ಸ್ಥಾಪನೆಗೆ ಚಾಲನೆ ಕೊಟ್ಟರು. ಈಸಾರ್ ನದಿಯ ದ್ವೀಪದಲ್ಲಿ ಅದರ ಕಟ್ಟಡ 1925ರಲ್ಲಿ ತೆರೆಯಿತು. ಒಳಭಾಗ ಕಾಣುವಂತೆ ಸೀಳಿಟ್ಟ ಎಂಜಿನ್‌ಗಳು, ಗುಂಡಿ ಒತ್ತಿದರೆ, ಹಿಡಿ ತಿರುಗಿಸಿದರೆ ನಡೆಯುವ ಮಾದರಿಗಳು, ನಡೆದು ನೋಡುವ ಗಣಿ ಅಲ್ಲಿದ್ದವು. ಪ್ರೇಕ್ಷಕ ಪ್ರಯೋಗಕಾರನಾದ.

ಅಮೆರಿಕದ ಭೌತವಿಜ್ಞಾನಿ ಫ್ರ್ಯಾಂಕ್ ಆಪನ್‌ಹೈಮರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಪರಮಾಣು ಬಾಂಬಿನ ಯೋಜನೆಯ ರಾಬರ್ಟ್ ಆಪನ್‌ಹೈಮರರ ತಮ್ಮ. ರಾಜಕೀಯ ಕಾರಣಗಳಿಂದ ವಿಶ್ವವಿದ್ಯಾನಿಲಯದ ಕೆಲಸ ಕಳೆದುಕೊಂಡು, ದನ ಸಾಕಿ, ಆಮೇಲೆ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. 1965ರಲ್ಲಿ ಯೂರೋಪಿನ ಪ್ರವಾಸದಲ್ಲಿ ಅಲ್ಲಿನ ವಿಜ್ಞಾನ ಸಂಗ್ರಹಾಲಯಗಳನ್ನು ನೋಡಿ ಬಂದು, 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ತೆರೆದರು. ಪ್ರೌಢಶಾಲೆಯ ಮೇಷ್ಟರೊಬ್ಬರ ಅನುಭವ ಒಂದು ಹೊಸ ಬಗೆಯ ಸಂಗ್ರಹಾಲಯವಾಯಿತು ಎಂಬುದನ್ನು ನಮ್ಮ ಅಧ್ಯಾಪಕರು ಗಮನಿಸಬೇಕು.

ಭಾರತದಲ್ಲಿ ಈ ಬಗೆಯ ಮೊದಮೊದಲ ಪ್ರಯತ್ನಗಳಲ್ಲಿ ಒಂದು 1959ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಆಮೇಲಿನ ಸರದಿ ಬೆಂಗಳೂರಿನದು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಟ್ಟಡವನ್ನು ಪ್ರಧಾನಿ ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದರು. ಸರ್ ಎಂ.ವಿ. ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. 1965ರ ಜುಲೈ 27ರಂದು ತೆರೆದ ಮೊದಲ ಗ್ಯಾಲರಿಯ ವಿಷಯ ವಿದ್ಯುತ್ತು. ಶಿವನಸಮುದ್ರದ ನಾಡಿಗೆ ಇದಕ್ಕಿಂತ ತಕ್ಕ ವಿಷಯವಿರಲಾರದು. ಈಗ ಇದು 1978ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿನ ಅಂಗ.

ಗುಂಡಿ ಒತ್ತುವುದರಲ್ಲೂ ಒಂದು ಅಪಾಯವಿದೆ. ಮಕ್ಕಳು ಒಂದನ್ನು ಒತ್ತಿ, ದೀಪ ಹತ್ತುವ ಮೊದಲೇ ಮುಂದಿನದಕ್ಕೆ ಓಡುತ್ತಾರೆ. ಅದಕ್ಕೆ ನನ್ನದೊಂದು ಸರಳ ನಿಯಮವಿದೆ: ಒತ್ತುವ ಮೊದಲು 'ಏನಾಗಬಹುದು?' ಎಂದು ಮಗು ಹೇಳಬೇಕು. ಊಹೆ ತಪ್ಪಾದಲ್ಲಿ ನಿಂತು ಯೋಚಿಸಬೇಕು. ಒಂದು ದಿನಕ್ಕೆ ಹತ್ತು ಪ್ರದರ್ಶನ ಸಾಕು.

ಸ್ಟಿಯರಿಂಗ್ ಇಲ್ಲದ ಗಾಡಿ

ಎರಡೂ ಬಗೆ ಒಂದೇ ಕಡೆ ಕೂಡಿರುವುದನ್ನು ನೋಡಬೇಕಾದರೆ ಮೈಸೂರಿಗೆ ಹೋಗಿ. ಅಲ್ಲಿನ ರೈಲು ನಿಲ್ದಾಣದ ಸಮೀಪ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಮೈಸೂರು ರಾಜಮನೆತನದ ಸಲೂನ್ ಗಾಡಿ, ಹಳೆಯ ಉಗಿ ಎಂಜಿನ್‌ಗಳು, ಮಕ್ಕಳಿಗೆ ಪುಟ್ಟ ರೈಲು ಎಲ್ಲವೂ ಇವೆ. ಬೆಂಗಳೂರು-ಮೈಸೂರು ಮಾರ್ಗ 1990ರ ದಶಕದವರೆಗೂ ಮೀಟರ್ ಗೇಜಿನದು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರುವುದಿಲ್ಲ. ಒಂದು ಅಳತೆಪಟ್ಟಿ ಜೊತೆಗಿರಲಿ. ಮೀಟರ್ ಗೇಜಿನ ಹಳಿ ಕಂಡರೆ ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಲು ಹೇಳಿ, 1000 ಮಿ.ಮೀ. ಬರಬೇಕು. ಬ್ರಾಡ್ ಗೇಜಿನದು 1676 ಮಿ.ಮೀ.

ಆಮೇಲೆ ಒಂದು ಪ್ರಶ್ನೆ ಕೇಳಿ: ರೈಲಿಗೆ ಸ್ಟಿಯರಿಂಗ್ ಇಲ್ಲ, ಅದು ಹಳಿಯ ಮೇಲೆ ನಡುವಿನಲ್ಲೇ ಹೇಗೆ ಓಡುತ್ತದೆ? ಚಕ್ರದ ಅಂಚಿನ ತಡೆಯಿಂದ ಎಂದು ಮಕ್ಕಳಷ್ಟೇ ಅಲ್ಲ, ಪದವಿ ವಿದ್ಯಾರ್ಥಿಗಳೂ ಹೇಳುತ್ತಾರೆ. ಆ ತಡೆ ಇರುವುದು ಕೊನೆಯ ರಕ್ಷಣೆಗೆ. ನಿಜವಾದ ಗುಟ್ಟು ಚಕ್ರದ ಮೈಯಲ್ಲಿದೆ. ಅದು ಸಮತಲವಾಗಿಲ್ಲ, ಒಳಬದಿಯಲ್ಲಿ ವ್ಯಾಸ ಸ್ವಲ್ಪ ಹೆಚ್ಚು, ಹೊರಬದಿಯಲ್ಲಿ ಕಡಿಮೆ. ಜೋಡಿ ಚಕ್ರಗಳು ಬಲಕ್ಕೆ ಸರಿದರೆ ಬಲಚಕ್ರ ದೊಡ್ಡ ವ್ಯಾಸದ ಮೇಲೆ, ಎಡಚಕ್ರ ಸಣ್ಣ ವ್ಯಾಸದ ಮೇಲೆ ಉರುಳುತ್ತದೆ. ಒಂದು ಸುತ್ತಿಗೆ ಬಲಚಕ್ರ ಹೆಚ್ಚು ದೂರ ಹೋಗುವುದರಿಂದ ಗಾಡಿ ಎಡಕ್ಕೆ ತಿರುಗಿ ನಡುವಿಗೆ ಮರಳುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಇಳಿಜಾರಾಗಿಟ್ಟ ಎರಡು ಸಮಾನಾಂತರ ಕೋಲುಗಳ ಮೇಲೆ ಉರುಳಿಸಿ. ಆಮೇಲೆ ತಳಕ್ಕೆ ತಳ ಅಂಟಿಸಿ ಉರುಳಿಸಿ. ಯಾವುದು ಹಳಿ ತಪ್ಪುತ್ತದೆ ಎಂದು ಮೊದಲೇ ಊಹಿಸಲು ಮರೆಯಬೇಡಿ.

ನಮ್ಮ ಬೀರುಗಳ ವಸ್ತುಸಂಗ್ರಹಾಲಯ

ಇನ್ನೊಂದು ವಸ್ತುಸಂಗ್ರಹಾಲಯವಿದೆ, ಅದಕ್ಕೆ ಫಲಕವಿಲ್ಲ. ಹಳೆಯ ಕಾಲೇಜುಗಳ ಪ್ರಯೋಗಶಾಲೆಗಳ ಬೀರುಗಳಲ್ಲಿ ಹಿತ್ತಾಳೆಯ ರೋಹಿತಮಾಪಕಗಳು, ದರ್ಪಣ ಗ್ಯಾಲ್ವನೋಮೀಟರ್‌ಗಳು, ಸೂಕ್ಷ್ಮ ತಕ್ಕಡಿಗಳು ಕುಳಿತಿವೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ದೊಡ್ಡ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಇತ್ತು. ತಂತಿ ಸುರುಳಿಯಲ್ಲಿ ಪ್ರವಾಹ ಹರಿಸಿದಾಗ ನಡುವಿನ ದಿಕ್ಸೂಚಿ ಎಷ್ಟು ತಿರುಗುತ್ತದೆಂದು ನೋಡಿ, ಭೂಮಿಯ ಕಾಂತಕ್ಷೇತ್ರದ ಸಮತಲ ಘಟಕವನ್ನು ಅಳೆಯುವ ಉಪಕರಣ ಅದು. ದಾಸ್ತಾನು ಪರಿಶೀಲನೆಯ ವರ್ಷ ಅದನ್ನು 'ನಿರುಪಯುಕ್ತ' ಎಂಬ ಪಟ್ಟಿಗೆ ಸೇರಿಸಲಾಯಿತು. ಹರಾಜಿನಲ್ಲಿ ಹಿತ್ತಾಳೆಯ ತೂಕಕ್ಕೆ ಹೋಯಿತು. ಆ ಪಟ್ಟಿಯ ಕೆಳಗೆ ನನ್ನ ಸಹಿಯೂ ಇದೆ. ಅಂದು ಅದು ನನಗೆ ಜಾಗ ತಿನ್ನುವ ಹಳೆಯ ಸಾಮಾನಾಗಿ ಕಂಡಿತ್ತು. ವರ್ಷಗಳ ಮೇಲೆ ವಿದ್ಯಾರ್ಥಿಯೊಬ್ಬ 'ಸಾರ್, ಆಗ ವಿದ್ಯುತ್ ಪ್ರವಾಹವನ್ನು ಯಾವುದರಿಂದ ಅಳೆಯುತ್ತಿದ್ದರು?' ಎಂದು ಕೇಳಿದಾಗ ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಬೇಕಾಯಿತು.

ಇಂದಿನ ಅಂಕೀಯ ಮಾಪಕ ಸಂಖ್ಯೆಯನ್ನು ತೋರಿಸುತ್ತದೆ, ಆ ಸಂಖ್ಯೆ ಹೇಗೆ ಬಂತೆಂದು ತೋರಿಸುವುದಿಲ್ಲ. ಹಳೆಯ ಉಪಕರಣದಲ್ಲಿ ಕಾರಣವೂ ಪರಿಣಾಮವೂ ಕಣ್ಣೆದುರೇ ಇರುತ್ತವೆ. ಅದು ಬಾಲ್ಫೋರರ ಕಾಲದ ಸಾಕ್ಷ್ಯವೂ ಹೌದು, ಫಾನ್ ಮಿಲ್ಲರರ ನಡೆಯುವ ಯಂತ್ರವೂ ಹೌದು. ಹರಾಜಿಗೆ ಹೋಗುವ ಮೊದಲು ಅದಕ್ಕೊಂದು ಗಾಜಿನ ಬೀರು, ಹೆಸರು ಮತ್ತು ಇಸವಿಯ ಚೀಟಿ, ಅದನ್ನು ಬಳಸಿ ಮಾಡುತ್ತಿದ್ದ ಪ್ರಯೋಗದ ನಾಲ್ಕು ಸಾಲು ವಿವರಣೆ ಒದಗಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಈ ರಜೆಯಲ್ಲಿ ಮನೆಮಂದಿಯೊಡನೆ ಕಸ್ತೂರ್ಬಾ ರಸ್ತೆಗೋ ಮೈಸೂರಿಗೋ ಹೊರಡಿ. ತೆರೆದಿರುವ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಮರಳಿ ಬಂದ ಮೇಲೆ, ಶಾಲೆ ಕಾಲೇಜು ತೆರೆದ ಮೊದಲ ವಾರದಲ್ಲೇ, ನಿಮ್ಮ ಪ್ರಯೋಗಶಾಲೆಯ ಹಿಂದಿನ ಬೀರುವಿನ ಬೀಗವನ್ನು ಒಮ್ಮೆ ತೆಗೆಸಿ ನೋಡಿ.